ನೊಣದ ಮೊಟ್ಟೆಗೆ ತಲೆ ಯಾವ ಕಡೆ?

ಚಿಗಟೇರಿ ಊರಿನ ಯಾವ ಮನೆಯಲ್ಲಾದರೂ ಕಳಿತ ಬಾಳೆಹಣ್ಣನ್ನು ಹಾಗೇ ಬಿಟ್ಟರೆ ಕೆಂಪು ಕಣ್ಣಿನ ಸಣ್ಣ ನೊಣಗಳು ಮುತ್ತಿಕೊಳ್ಳುತ್ತವೆ. ಮಾವಿಗೆ ಹುಳ ಬೀಳಿಸುವ ನೊಣ ಬೇರೆ, ಇದು ಡ್ರೊಸೊಫಿಲಾ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ದಶಕಗಳಿಂದ ಇದನ್ನು ಸಾಕಿ ಅಧ್ಯಯನ ಮಾಡುತ್ತಿದ್ದಾರೆ. ಅದಕ್ಕೆ ಹಾಕುವ ಆಹಾರ ಸರಳ: ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, 10 ಗ್ರಾಂ ಅಗರ್, ಬೂಷ್ಟು ಹಿಡಿಯದಂತೆ ತುಸು ಪ್ರೊಪಿಯೋನಿಕ್ ಆಮ್ಲ.

ಇದರ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ. ಮರಿಯ ತಲೆ ಎತ್ತ, ಬಾಲ ಎತ್ತ ಎಂಬುದು ತಾಯಿಯ ಅಂಡಾಶಯದಲ್ಲೇ ನಿರ್ಧಾರವಾಗುತ್ತದೆ. ಅದಕ್ಕೆ ದಾರಿ ಹಾಕಿಕೊಡುವುದು ಸೂಕ್ಷ್ಮನಾಳಗಳು: ಟ್ಯೂಬ್ಯುಲಿನ್ ಪ್ರೋಟೀನ್ ಸಾಲುಗಟ್ಟಿ ಆದ, 25 ನ್ಯಾನೋಮೀಟರ್ ದಪ್ಪದ ಕೊಳವೆಗಳು. ಬೇಗ ಬೆಳೆಯುವ ತುದಿ ಪ್ಲಸ್, ಇನ್ನೊಂದು ಮೈನಸ್.

ಅಂಡಾಶಯದ ಒಂದು ಕೋಶ ನಾಲ್ಕು ಸಲ ಒಡೆದು 16 ಆಗುತ್ತದೆ. ಅವುಗಳಲ್ಲಿ ಒಂದು ಅಂಡ, ಉಳಿದ 15 ಪೋಷಕ ಕೋಶಗಳು. ಕೋಶಗಳ ನಡುವೆ ಕಿಂಡಿಗಳು ಉಳಿದಿರುತ್ತವೆ. ಸೂಕ್ಷ್ಮನಾಳಗಳ ಮೈನಸ್ ತುದಿಯತ್ತ ನಡೆಯುವ ಡೈನೀನ್ ಎಂಬ ಪ್ರೋಟೀನ್ ಈ ಕಿಂಡಿಗಳ ಮೂಲಕ ಸಾಮಗ್ರಿಯನ್ನು ಅಂಡಕ್ಕೆ ಹೊತ್ತು ತರುತ್ತದೆ.

ಮುಂದೆ ಅಂಡದೊಳಗೆ ನಿಯಂತ್ರಕ ಪ್ರೋಟೀನುಗಳ ಕೆಲಸ. ಎತ್ತಿನ ಕಣ್ಣಿಯನ್ನು ಗೂಟಕ್ಕೆ ಬಿಗಿದ ಹಾಗೆ, ಶಾಟ್ ಮತ್ತು ಪ್ಯಾಟ್ರೊನಿನ್ ಎಂಬ ಪ್ರೋಟೀನುಗಳು ನಾಳಗಳ ಮೈನಸ್ ತುದಿಯನ್ನು ಅಂಡದ ಮುಂಭಾಗ ಮತ್ತು ಪಕ್ಕಗಳ ಅಂಚಿಗೆ ಕಟ್ಟುತ್ತವೆ. ಹಿಂಭಾಗದಲ್ಲಿ ಪಾರ್-1 ಪ್ರೋಟೀನ್ ಕಾವಲಿದ್ದು ಶಾಟ್ ಅಲ್ಲಿ ನೆಲೆಯೂರಲು ಬಿಡುವುದಿಲ್ಲ. ಎಂಎಸ್‌ಪಿಎಸ್ ಎಂಬ ಇನ್ನೊಂದು ಪ್ರೋಟೀನ್ ಪ್ಲಸ್ ತುದಿಗೆ ಟ್ಯೂಬ್ಯುಲಿನ್ ಸೇರಿಸುತ್ತ ನಾಳವನ್ನು ಉದ್ದ ಮಾಡುತ್ತದೆ. ಹೀಗಾಗಿ ಹಿಂದಕ್ಕೆ ಮುಖ ಮಾಡಿದ ಪ್ಲಸ್ ತುದಿಗಳು ಸ್ವಲ್ಪ ಹೆಚ್ಚು. ಆ ಸ್ವಲ್ಪವೇ ಸಾಕು. ಪ್ಲಸ್ ಕಡೆಗೆ ನಡೆಯುವ ಕೈನೆಸಿನ್ ಎಂಬ ಪ್ರೋಟೀನ್, ಆಸ್ಕರ್ ಆರ್‌ಎನ್‌ಎಯನ್ನು ಹೊತ್ತು ಎಲ್ಲ ದಿಕ್ಕಿಗೂ ಓಡಾಡಿದರೂ ಕೊನೆಗೆ ಅದು ಹಿಂಭಾಗದಲ್ಲೇ ಸೇರುತ್ತದೆ. ಬೈಕಾಯ್ಡ್ ಆರ್‌ಎನ್‌ಎಯನ್ನು ಡೈನೀನ್ ಮುಂಭಾಗಕ್ಕೆ ಮುಟ್ಟಿಸುತ್ತದೆ.

ತಾಯಿಯಲ್ಲಿ ಬೈಕಾಯ್ಡ್ ಜೀನ್ ಕೆಟ್ಟರೆ ಮರಿಗೆ ತಲೆಯೂ ಎದೆಯೂ ಮೂಡುವುದಿಲ್ಲ. ಆಸ್ಕರ್ ಕೆಟ್ಟರೆ ಹೊಟ್ಟೆಯ ಭಾಗವೂ ಮುಂದಿನ ಪೀಳಿಗೆಯ ಬೀಜಕೋಶಗಳೂ ಇಲ್ಲ. ಜೀನ್‌ಗಳನ್ನು ಹೀಗೆ ಒಂದೊಂದಾಗಿ ಕೆಡಿಸಿಯೇ ವಿಜ್ಞಾನಿಗಳು ಯಾವುದರ ಕೆಲಸ ಏನೆಂದು ಪತ್ತೆಹಚ್ಚಿದ್ದು.

ನಾಳಗಳನ್ನೇ ಮುರಿದರೆ? ನಮ್ಮ ಬೇಲಿಗಳಲ್ಲಿ ಹಬ್ಬುವ ವಿಷಬಳ್ಳಿ ಅಗ್ನಿಶಿಖೆಯ ಬೀಜ, ಗೆಡ್ಡೆಗಳಲ್ಲಿ ಕೋಲ್ಚಿಸಿನ್ ಇದೆ. ವೈದ್ಯರು ಗೌಟ್ ರೋಗಕ್ಕೆ ಕೊಡುವ ಔಷಧವೂ ಅದೇ. ಅದು ಟ್ಯೂಬ್ಯುಲಿನ್‌ಗೆ ಅಂಟಿಕೊಂಡು ನಾಳ ಕಟ್ಟಲು ಬಿಡುವುದಿಲ್ಲ. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇದನ್ನು ಡ್ರೊಸೊಫಿಲಾಗೆ ಕೊಟ್ಟಾಗ, ಅಂಡವಾಗಬೇಕಿದ್ದ ಕೋಶವೂ ಪೋಷಕ ಕೋಶದ ಹಾದಿಯನ್ನೇ ಹಿಡಿಯಿತು. ನಾಳವಿಲ್ಲದಿದ್ದರೆ ತಲೆ-ಬಾಲದ ಪ್ರಶ್ನೆ ಹಾಗಿರಲಿ, ಮೊಟ್ಟೆಯೇ ಆಗುವುದಿಲ್ಲ.