ತೋಟಾದ ಬಾಯಿಗೆ ಕ್ರಿಂಪ್ ಎಷ್ಟು ಬೇಕು?

ಕ್ರಿಂಪ್ ಅಂದ ಕೂಡಲೇ ನಮ್ಮ ಐಟಿ ಜನಕ್ಕೆ ನೆನಪಾಗೋದು ಲ್ಯಾನ್ ಕೇಬಲ್ಲು, ಆರ್‌ಜೆ-45 ಕನೆಕ್ಟರು. ಇವತ್ತಿನದು ಬೇರೆ ಕ್ರಿಂಪು. ಅಮೆರಿಕದ ಬೇಟೆಗಾರರಲ್ಲಿ ಹಲವರು ಹಾರಿಸಿದ ತೋಟಾದ ಹಿತ್ತಾಳೆ ಕೇಸನ್ನ ಎತ್ತಿಟ್ಟುಕೊಂಡು, ಹೊಸ ಪ್ರೈಮರು, ಮದ್ದು, ಗುಂಡು ಹಾಕಿ ಮತ್ತೆ ತಯಾರು ಮಾಡ್ತಾರೆ. ಕೊನೆಗೆ ಕೇಸಿನ ಬಾಯಿಯನ್ನ ಗುಂಡಿನ ಸುತ್ತ ಬಿಗಿ ಮಾಡೋದೇ ಕ್ರಿಂಪ್. ಓಹಿಯೋದಲ್ಲಿ ಆನ್‌ಸೈಟ್ ಇದ್ದಾಗ ಒಬ್ಬ ಸಹೋದ್ಯೋಗಿಯ ಗ್ಯಾರೇಜಿನಲ್ಲಿ ನಾನು ಇದನ್ನ ಹತ್ತಿರದಿಂದ ನೋಡಿದೆ. ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸೋದು ಅಪರಾಧ. ಕೊಡಗಿನವರಿಗಿರೋ ವಿನಾಯಿತಿಯೂ ಬಂದೂಕು ಇಟ್ಟುಕೊಳ್ಳೋದಕ್ಕೆ, ಇದಕ್ಕಲ್ಲ.

ಸಾಮಾನ್ಯ ರೈಫಲ್ ತೋಟಾಕ್ಕೆ ಬಾಟಲಿ ತರಹ ಕತ್ತು ಇರತ್ತೆ. ನೇರ ಗೋಡೆಯದಕ್ಕೆ ಕತ್ತಿಲ್ಲ, ಕೊಳವೆ ತರಹ. ಓಹಿಯೋ, ಮಿಷಿಗನ್‌ನಂಥ ಕಡೆ ಜಿಂಕೆ ಬೇಟೆಗೆ ಇಂಥ ತೋಟಾಕ್ಕೆ ಅನುಮತಿ ಸಿಕ್ಕಿದ ಮೇಲೆ ಇದರ ಬಳಕೆ ಜಾಸ್ತಿಯಾಯ್ತು.

ಇಲ್ಲೇ ವಿಷಯ ಇರೋದು. 1873ರಲ್ಲಿ ಅಮೆರಿಕದ ಸೇನೆಗೆ ಬಂದ .45-70 ತೋಟಾ ತಗೊಳ್ಳಿ. ಅದರ ತಳದಲ್ಲಿ ಅಗಲವಾದ ಅಂಚು ಇದೆ. ಚೇಂಬರಿನಲ್ಲಿ ತೋಟಾ ಎಲ್ಲಿ ನಿಲ್ಲಬೇಕು ಅನ್ನೋದನ್ನ ಆ ಅಂಚೇ ತೀರ್ಮಾನಿಸತ್ತೆ. ಹಾಗಾಗಿ ಬಾಯಿಯನ್ನ ಒಳಕ್ಕೆ ಮಡಿಸಿ, ಗುಂಡಿನ ಮೇಲಿರೋ ಗೀರಿನೊಳಗೆ ಕೂರಿಸಬಹುದು. ಇದು ರೋಲ್ ಕ್ರಿಂಪ್. ಲಿವರ್ ರೈಫಲ್ಲಿನಲ್ಲಿ ಇದು ಬೇಕೇ ಬೇಕು. ಅಲ್ಲಿ ತೋಟಾಗಳು ಕೊಳವೆಯೊಳಗೆ ಒಂದರ ಹಿಂದೆ ಒಂದು ಕೂತಿರ್ತವೆ. ಸ್ಪ್ರಿಂಗ್ ಒತ್ತಡ, ಮೇಲೆ ಹಾರಿಸಿದಾಗಿನ ಹಿಂದೇಟು, ಎರಡೂ ಸೇರಿ ಗುಂಡನ್ನ ಕೇಸಿನೊಳಕ್ಕೆ ನೂಕ್ತವೆ. ಗುಂಡು ಒಳಗೆ ಸರಿದರೆ ಜಾಗ ಕಮ್ಮಿ, ಒತ್ತಡ ಜಾಸ್ತಿ. ಮುಖದ ಹತ್ತಿರವೇ ಹಿಡಿದಿರೋ ಉಪಕರಣ ಇದು ಅನ್ನೋದು ನೆನಪಿರಲಿ.

ಈಗ .450 ಬುಶ್‌ಮಾಸ್ಟರ್, .350 ಲೆಜೆಂಡ್ ನೋಡಿ. ಇವುಗಳಿಗೆ ಹೊರಗೆ ಚಾಚಿದ ಅಂಚಿಲ್ಲ. ಚೇಂಬರಿನಲ್ಲಿ ತಡೆದು ನಿಲ್ಲಿಸೋದು ಕೇಸಿನ ಬಾಯಿಯೇ! ಅದನ್ನ ಒಳಕ್ಕೆ ಮಡಿಸಿಬಿಟ್ಟರೆ ತೋಟಾ ಬೇಕಾದ್ದಕ್ಕಿಂತ ಮುಂದಕ್ಕೆ ಹೋಗತ್ತೆ. ಇದಕ್ಕೆ ಟೇಪರ್ ಕ್ರಿಂಪ್: ಮಡಿಕೆ ಇಲ್ಲ, ಬಾಯಿಯನ್ನ ಗುಂಡಿಗೆ ನೇರ ಒತ್ತೋದು, ಅಷ್ಟೇ.

ಹೊಸಬರು ಸಾಮಾನ್ಯವಾಗಿ ಅಂದುಕೊಳ್ಳೋದು ಜಾಸ್ತಿ ಒತ್ತಿದಷ್ಟೂ ಭದ್ರ ಅಂತ. ಹಾಗಲ್ಲ. ಗುಂಡನ್ನ ಮುಖ್ಯವಾಗಿ ಹಿಡಿಯೋದು ಕೇಸಿನ ಗೋಡೆಯ ಬಿಗಿತ. ಗೋಡೆ ಸಡಿಲವಿದ್ದರೆ ಕ್ರಿಂಪ್ ಅದನ್ನ ಸರಿಮಾಡಲ್ಲ. ಅತಿಯಾಗಿ ಒತ್ತಿದರೆ ಕೇಸಿನ ಗೋಡೆ ಉಬ್ಬಿ, ಚೇಂಬರಿಗೇ ಹೋಗಲ್ಲ. ಕೇಸುಗಳ ಉದ್ದ ಬೇರೆ ಬೇರೆ ಇದ್ದರೂ ಅದೇ ಕಥೆ. ಡೈ ಒಂದೇ ಎತ್ತರದಲ್ಲಿರೋದರಿಂದ ಉದ್ದದ್ದಕ್ಕೆ ಜಾಸ್ತಿ, ಗಿಡ್ಡದ್ದಕ್ಕೆ ಕಮ್ಮಿ. ಅದಕ್ಕೇ .45-70ರಲ್ಲಿ 2.105 ಇಂಚಿಗಿಂತ ಉದ್ದ ಬೆಳೆದದ್ದನ್ನ ಕತ್ತರಿಸಿ, ಎಲ್ಲವನ್ನೂ ಒಂದೇ ಅಳತೆಗೆ ತರ್ತಾರೆ. ನನ್ನ ಪ್ರಕಾರ ಅತಿ ಬೋರಿನ ಕೆಲಸ ಇದೇ, ಬಿಡಲಾಗದ್ದೂ ಇದೇ.

ಗುಂಡು ಕೂರಿಸೋದು, ಕ್ರಿಂಪ್ ಮಾಡೋದು ಎರಡನ್ನೂ ಬೇರೆ ಬೇರೆ ಹಂತದಲ್ಲಿ ಮಾಡೋದು ವಾಸಿ. ಗುಂಡು ಇನ್ನೂ ಇಳಿಯುತ್ತಿರುವಾಗಲೇ ಬಾಯಿ ಮುಚ್ಚಿಕೊಂಡರೆ ಸೀಸ ಕೆರೆದುಹೋಗತ್ತೆ.

ಪರೀಕ್ಷೆಗೆ ಆತ ಮದ್ದು, ಪ್ರೈಮರ್ ಎರಡೂ ಇಲ್ಲದ ಡಮ್ಮಿ ಮಾಡಿದ್ದ. ಕ್ಯಾಲಿಪರಿನಲ್ಲಿ ಉದ್ದ ಅಳೆದು, ಗುಂಡಿನ ಮೂತಿಯನ್ನ ಮರದ ಬೆಂಚಿಗೆ ಜೋರಾಗಿ ಒತ್ತಿ, ಮತ್ತೆ ಅಳೆದ. ಅಳತೆ ಬದಲಾಗಿರಲಿಲ್ಲ. ಆಮೇಲೇ ಮದ್ದಿನ ಡಬ್ಬ ತೆಗೆದದ್ದು.