ತ್ರೀಡಿಎಸ್‌ನಲ್ಲಿ ಆಟ ಇಳಿಯದಿದ್ದರೆ ಮೊದಲು ಕಾರ್ಡನ್ನು ಶಂಕಿಸಿ

ನಿಂಟೆಂಡೊ ಕಂಪನಿಯ ತ್ರೀಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಮಾರುಕಟ್ಟೆಗೆ ಬಂದದ್ದು 2011ರಲ್ಲಿ. 2020ರಲ್ಲಿ ಅದರ ತಯಾರಿಕೆ ನಿಂತಿತು, 2023ರ ಮಾರ್ಚಿನಲ್ಲಿ ಅದರ ಆನ್‌ಲೈನ್ ಅಂಗಡಿಯೂ ಮಾರಾಟ ನಿಲ್ಲಿಸಿತು. ಈಗಲೂ ಅದನ್ನು ಬಳಸುತ್ತಿರುವ ಅನೇಕರು ಅದರ ತಂತ್ರಾಂಶವನ್ನು ತಿದ್ದಿ, ಹವ್ಯಾಸಿಗಳು ಬರೆದ ಪ್ರೋಗ್ರಾಂಗಳನ್ನೂ ತಮ್ಮ ಕಾರ್ಟ್ರಿಡ್ಜ್‌ಗಳ ಪ್ರತಿಗಳನ್ನೂ ಎಸ್‌ಡಿ ಕಾರ್ಡಿಗೆ ಇಳಿಸಿಕೊಳ್ಳುತ್ತಾರೆ. ಇನ್‌ಸ್ಟಾಲ್ ನಡುವೆ ಕೈಕೊಟ್ಟರೆ ಅನುಮಾನ ನೇರವಾಗಿ ತಿದ್ದುಪಡಿಯ ಮೇಲೆ ಹೋಗುತ್ತದೆ. ಎಲ್ಲವನ್ನೂ ಅಳಿಸಿ ಮೊದಲಿನಿಂದ ತಿದ್ದಲು ಕೂರುತ್ತಾರೆ. ಯಂತ್ರದ ಒಳ ಮೆಮೊರಿಯನ್ನು ಮತ್ತೆ ಕೆದಕುವ ಈ ಕೆಲಸ ಅಪಾಯದ್ದು, ಬಹಳ ಸಲ ಅನಗತ್ಯವೂ ಹೌದು. ಇನ್‌ಸ್ಟಾಲ್ ಹೊತ್ತಿಗೆ ಯಂತ್ರ ನಡೆಸುವ ಹಲವು ತಪಾಸಣೆಗಳಲ್ಲಿ ತಿದ್ದುಪಡಿ ತೆಗೆದುಹಾಕುವುದು ಒಂದನ್ನು ಮಾತ್ರ. ಉಳಿದವು ಮೊದಲಿನಷ್ಟೇ ಕಟ್ಟುನಿಟ್ಟಾಗಿ ನಡೆಯುತ್ತವೆ.

ಇಲ್ಲಿ ಇನ್‌ಸ್ಟಾಲ್ ಎಂದರೆ ಬರೀ ನಕಲು ಮಾಡುವುದಲ್ಲ. ಸಿಐಎ ಎಂಬ ಫೈಲಿನೊಳಗೆ ಪ್ರಮಾಣಪತ್ರಗಳು, ಆಡುವ ಪರವಾನಗಿಯಾದ ಒಂದು ಟಿಕೆಟ್, ಒಂದು ಪಟ್ಟಿ ಮತ್ತು ಆಟದ ಭಾಗಗಳು ಇರುತ್ತವೆ. ಪಟ್ಟಿಯಲ್ಲಿ ಪ್ರತಿ ಭಾಗದ ಗಾತ್ರ ಮತ್ತು ಅದರ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಸಂಖ್ಯೆ, ನಮೂದಾಗಿರುತ್ತದೆ. ಟಿಕೆಟ್ ಯಂತ್ರದ ಒಳ ಮೆಮೊರಿಗೆ ಹೋಗುತ್ತದೆ. ಆಟದ ಭಾಗಗಳು ಆ ಒಂದು ಯಂತ್ರಕ್ಕಷ್ಟೇ ಸೇರಿದ ಕೀಲಿಯಿಂದ ಗೂಢಲಿಪಿಗೆ ತಿರುಗಿ ಕಾರ್ಡಿನಲ್ಲಿ ಕೂರುತ್ತವೆ. ಒಬ್ಬರ ಕಾರ್ಡನ್ನು ಇನ್ನೊಬ್ಬರ ಯಂತ್ರಕ್ಕೆ ಹಾಕಿದರೆ ಆಟಗಳು ಕಾಣಿಸದಿರುವುದು ಇದರಿಂದಲೇ. ಇನ್ನು ತಿದ್ದುಪಡಿಯ ಮಾತು. ಯಂತ್ರ ಆನ್ ಆದೊಡನೆ ಓಡುವ ಬೂಟ್ ರಾಮ್, ಕಂಪನಿಯ ಸಹಿಯನ್ನು ಪರೀಕ್ಷಿಸುವ ರೀತಿಯಲ್ಲೇ ಒಂದು ದೋಷವಿತ್ತು. ಚಿಪ್ಪಿನಲ್ಲಿ ಅಚ್ಚಾದ ಆ ದೋಷವನ್ನು ಅಪ್‌ಡೇಟ್ ಕಳಿಸಿ ಸರಿಪಡಿಸಲಾಗದು. 2017ರಲ್ಲಿ ಬಂದ ಬೂಟ್9ಸ್ಟ್ರ್ಯಾಪ್ ಎಂಬ ತಿದ್ದುಪಡಿ ಅದನ್ನೇ ಹಿಡಿದು ಒಳಹೊಕ್ಕಿತು. ಅದರ ಮೇಲೆ ಓಡುವ ಲೂಮಾ ಎಂಬ ತಂತ್ರಾಂಶ, ಕಂಪನಿಯ ಸಹಿ ಸರಿಯಿಲ್ಲದ ಆಟಕ್ಕೂ ಒಪ್ಪಿಗೆ ಸಿಗುವಂತೆ ಮಾಡುತ್ತದೆ. ಆದರೆ ಹ್ಯಾಶ್ ಲೆಕ್ಕ ಹಾಗೇ ಉಳಿದಿದೆ. ಒಂದೇ ಒಂದು ಬಿಟ್ ತಿರುಗಿದ್ದರೂ ಲೆಕ್ಕ ತಾಳೆಯಾಗದೆ ಇನ್‌ಸ್ಟಾಲ್ ನಿಲ್ಲುತ್ತದೆ.

ಆ ಬಿಟ್ ತಿರುಗುವುದೆಲ್ಲಿ? ನನ್ನ ಮೊದಲ ಅನುಮಾನ ಕಾರ್ಡಿನ ಮೇಲೆ. ಇನ್‌ಸ್ಟಾಲ್ ಮಾಡಬೇಕಾದ ಫೈಲ್ ಇರುವುದೂ, ಇನ್‌ಸ್ಟಾಲ್ ಆದ ಆಟ ಹೋಗಿ ಕೂರುವುದೂ ಸಾಮಾನ್ಯವಾಗಿ ಅದೇ ಕಾರ್ಡಿನಲ್ಲಿ. ಹೀಗಾಗಿ ಒಂದೂವರೆ ಜಿಬಿ ಆಟಕ್ಕೆ ಮೂರು ಜಿಬಿ ಜಾಗ ಬೇಕು. ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ. 32 ಜಿಬಿ ಮೀರಿದ ಕಾರ್ಡುಗಳು ಎಕ್ಸ್‌ಫ್ಯಾಟ್ ವಿನ್ಯಾಸದಲ್ಲಿ ಬರುತ್ತವೆ, ತ್ರೀಡಿಎಸ್‌ಗೆ ಅದನ್ನು ಓದಲು ಬಾರದು, ಫ್ಯಾಟ್32 ಬೇಕು. ಇವು ಸುಲಭದ ತೊಡಕುಗಳು. ನಿಜವಾಗಿ ಸತಾಯಿಸುವುದು ನಕಲಿ ಕಾರ್ಡು. ‘ಅದೇ ಕಾರ್ಡು ಮೊಬೈಲಿನಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತಲ್ಲ’ ಎಂಬ ಆಕ್ಷೇಪ ಬರುತ್ತದೆ. ನಡೆದೀತು. ಎಸ್‌ಡಿ ಕಾರ್ಡಿನೊಳಗೆ ಮೆಮೊರಿಯ ಜೊತೆ ಒಂದು ಪುಟ್ಟ ಕಂಪ್ಯೂಟರೇ ಇರುತ್ತದೆ. ಅದಕ್ಕೆ ಹೊಸ ಆದೇಶ ತುಂಬಬಹುದೆಂದು ಹಾರ್ಡ್‌ವೇರ್ ಸಂಶೋಧಕ ಆಂಡ್ರ್ಯೂ ಹುವಾಂಗ್ ಮತ್ತು ಅವರ ಸಹೋದ್ಯೋಗಿ 2013ರಲ್ಲಿ ಹ್ಯಾಂಬರ್ಗ್‌ನ ಸಮ್ಮೇಳನವೊಂದರಲ್ಲಿ ತೋರಿಸಿದರು. ಎಂಟು ಜಿಬಿ ಚಿಪ್ಪಿಗೆ ‘ನಾನು 64’ ಎಂದು ಹೇಳಲು ಕಲಿಸಿದರೆ, ಎಂಟು ತುಂಬುವವರೆಗೆ ಅದು ಸಾಧುವಾಗಿಯೇ ಇರುತ್ತದೆ. ಆಮೇಲೆ ಬರೆದದ್ದು ಹಳೆಯದರ ಮೇಲೆ ಬೀಳುತ್ತದೆ, ಇಲ್ಲವೇ ಎಲ್ಲೂ ಉಳಿಯುವುದಿಲ್ಲ, ದೂರಂತೂ ಬರುವುದಿಲ್ಲ. ಮೊದಲ ನಾಲ್ಕು ಆಟ ಇಳಿದು ಐದನೆಯದು ಮುಗ್ಗರಿಸಿದರೆ ತಪ್ಪು ಐದನೆಯದ್ದೆಂದು ತೋರುವುದು ಸಹಜ. ಕಾರ್ಡನ್ನು ಫಾರ್ಮ್ಯಾಟ್ ಮಾಡಿ ನೋಡಿದರೆ ಈ ಮೋಸ ಸಿಕ್ಕಿಬೀಳದು. ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ಪರೀಕ್ಷಾ ಪ್ರೋಗ್ರಾಂ ಬಳಸಿ ಇಡೀ ಕಾರ್ಡನ್ನು ತುಂಬಿಸಿ, ತುಂಬಿಸಿದ್ದನ್ನು ಹಿಂದಕ್ಕೆ ಓದಿ ಹೋಲಿಸಬೇಕು. ಗಂಟೆಗಟ್ಟಲೆ ಹಿಡಿಯುವ ಕೆಲಸ. ಜನ ಇದನ್ನು ಬಿಟ್ಟುಬಿಡುವುದೂ ಅದಕ್ಕೇ.

ಹಾಗಾದರೆ ತಿದ್ದುಪಡಿಯದು ಎಂದೂ ತಪ್ಪಿಲ್ಲವೇ? ಇದೆ, ಆಗ ಯಂತ್ರವೇ ಅದನ್ನು ಹೇಳುತ್ತದೆ. ಪರದೆಯ ಮೇಲಿನ ದೋಷಸಂಖ್ಯೆ ಬಾಯಿಗೆ ಬಂದ ಅಂಕಿಯಲ್ಲ. ಅದರ 32 ಬಿಟ್‌ಗಳಲ್ಲಿ ದೋಷದ ತೀವ್ರತೆ, ಬಗೆ, ವರದಿ ಮಾಡಿದ ವಿಭಾಗ, ವಿವರ ಎಲ್ಲಕ್ಕೂ ಗೊತ್ತಾದ ಜಾಗವಿದೆ. ‘ಡಿ8ಇ0806ಎ’ಯನ್ನು ಬಿಡಿಸಿದರೆ ವಿಭಾಗ 32, ಅಂದರೆ ಇನ್‌ಸ್ಟಾಲ್ ನೋಡಿಕೊಳ್ಳುವ ವಿಭಾಗ; ವಿವರ 106, ಸಹಿ ಒಪ್ಪಿಗೆಯಾಗಿಲ್ಲ. ಲೂಮಾ ಓಡುತ್ತಿಲ್ಲವೆಂಬ ಅನುಮಾನಕ್ಕೆ ಇಲ್ಲಿ ಆಧಾರವಿದೆ. ವಿಭಾಗ 17 ಎಂದು ಬಂದರೆ ದೂರು ಫೈಲ್ ವ್ಯವಸ್ಥೆಯದು. ತಂತ್ರಾಂಶವನ್ನು ಎಷ್ಟು ಸಲ ತಿದ್ದಿದರೂ ಕಾರ್ಡು ರಿಪೇರಿಯಾಗದು.

ಇಂಥ ವಿವರಣೆ ಕಳ್ಳಪ್ರತಿಗಾರರಿಗೆ ಅನುಕೂಲವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಕೃತಿಸ್ವಾಮ್ಯದ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ತಂತ್ರವನ್ನು ಮುರಿಯುವುದು ನಮ್ಮಲ್ಲೂ ಅಪರಾಧ. 2012ರಲ್ಲಿ ಕಾಯ್ದೆಗೆ ಸೇರಿದ 65ಎ ಕಲಂ ಅದನ್ನೇ ಹೇಳುತ್ತದೆ. ಆದರೆ ಈ ಪತ್ತೇದಾರಿಕೆಯಲ್ಲಿ ಹೆಚ್ಚು ಪೇಚಾಡುವವರೂ ಕಳ್ಳಪ್ರತಿಗಾರರೇ. ಎಲ್ಲಿಂದಲೋ ಬಂದ ಫೈಲ್ ಮೊದಲೇ ಕೆಟ್ಟಿತ್ತೋ ಕಾರ್ಡಿಗೆ ಬಂದು ಕೆಟ್ಟಿತೋ ಅವರಿಗೆ ತಿಳಿಯುವ ದಾರಿ ಕಡಿಮೆ. ಸ್ವಂತ ಕಾರ್ಟ್ರಿಡ್ಜ್ ಇದ್ದವರು, ಕಾರ್ಡು ಪರೀಕ್ಷೆಯಲ್ಲಿ ಪಾಸಾದ ಮೇಲೆ, ಗಾಡ್‌ಮೋಡ್9 ಎಂಬ ಪ್ರೋಗ್ರಾಂ ಬಳಸಿ ಕಾರ್ಟ್ರಿಡ್ಜನ್ನು ಎರಡು ಸಲ ಓದಿಸಿ ಎರಡೂ ಪ್ರತಿಗಳ ಹ್ಯಾಶ್ ಹೋಲಿಸಬಹುದು. ಎರಡೂ ಒಂದೇ ಆಗಿದ್ದರೆ ಫೈಲನ್ನು ನಂಬಬಹುದು; ಬೇರೆಯಾದರೆ ಕಾರ್ಟ್ರಿಡ್ಜಿನ ಲೋಹದ ಪಟ್ಟಿಗಳನ್ನು ಒರೆಸಿ ಮತ್ತೆ ಓದಿಸಬೇಕು.