ಅಮ್ಮನ ಹೊಟ್ಟೆಯೊಳಗಿನ ಕಲ್ಲು

ಕಳೆದ ಮಾಗಿಯಲ್ಲಿ, ನನ್ನ ಪತ್ನಿಯ ಪಿತ್ತಕೋಶದಲ್ಲಿ ಕಲ್ಲುಗಳಿವೆಯೆಂದೂ, ಸಣ್ಣದೊಂದು ಶಸ್ತ್ರಚಿಕಿತ್ಸೆಯಿಂದ ಆ ಕೋಶವನ್ನೇ ತೆಗೆದುಬಿಡುವುದು ಲೇಸೆಂದೂ ಶಿವಮೊಗ್ಗೆಯ ವೈದ್ಯರು ತಿಳಿಸಿದ ದಿನ, ಒಂಬತ್ತು ವರ್ಷದ ಮಗಳಿಗೂ ಐದು ವರ್ಷದ ಮಗನಿಗೂ ಇದನ್ನು ಹೇಗೆ ಹೇಳುವುದೆಂಬ ಚಿಂತೆಯೇ ಮನೆಯವರಿಗೆಲ್ಲ ಮೊದಲಾಯಿತು. “ಅಮ್ಮ ಊರಿಗೆ ಹೋಗಿದ್ದಾಳೆ ಅಂದುಬಿಡು, ಎರಡು ದಿನದ ಮಾತು” ಎಂದರು ನನ್ನ ತಾಯಿಯವರು. ಅವರ ಕಾಲದಲ್ಲಿ ಹಾಗೆಯೇ ನಡೆಯುತ್ತಿತ್ತು. ಅದರ ಹಿಂದೆ ಮಮತೆಯೇ ಇತ್ತು. ಆದರೆ ಬಾಗಿಲ ಮರೆಯಲ್ಲಿ ನಿಂತು ಹಿರಿಯರ ಪಿಸುಮಾತನ್ನು ಆಲಿಸುವ ಮಗು, ತನಗೆ ತಿಳಿಯದೆ ಉಳಿದುದನ್ನು ಬರಿದಾಗಿರಗೊಡದೆ ತನ್ನ ಕಲ್ಪನೆಯಿಂದ ತುಂಬಿಕೊಳ್ಳುತ್ತದೆಂಬುದನ್ನೂ, ಆ ಕಲ್ಪನೆಯು ಬಹುಪಾಲು ನಿಜಕ್ಕಿಂತ ಘೋರವಾಗಿರುತ್ತದೆಂಬುದನ್ನೂ ನಾನು ನನ್ನ ಬಾಲ್ಯದಿಂದಲೇ ಬಲ್ಲೆ. ಆದುದರಿಂದ ಹೇಳಿಯೇಬಿಡುವುದೆಂದು ನಿಶ್ಚಯಿಸಿದೆವು.

ಹೇಳಹೊರಟಾಗಲೇ ನಮ್ಮ ಮಾತುಗಳ ಭಾರ ನನಗೆ ತಿಳಿದುದು. ಅಜ್ಜಿಯ ಬಾಯಿಂದ ಭಾರತದ ಕಥೆಯನ್ನು ಕೇಳಿ ಬೆಳೆಯುತ್ತಿರುವ ಹುಡುಗನಿಗೆ ಶಸ್ತ್ರವೆಂದರೆ ಕುರುಕ್ಷೇತ್ರದಲ್ಲಿ ಹಿಡಿದುದೇ ಹೊರತು ವೈದ್ಯನ ಕೈಯ ಕಿರುಗತ್ತಿಯಲ್ಲ. ಅವನ ಮುಖ ಬಾಡಿದುದನ್ನು ಕಂಡು, ನೋವಿಲ್ಲವೆಂದು ನಂಬಿಸುವ ಆತುರದಲ್ಲಿ ನಾನು “ಅಮ್ಮನಿಗೆ ಮೊದಲೇ ನಿದ್ದೆ ಬರಿಸಿಬಿಡುತ್ತಾರೆ” ಎಂದುಬಿಟ್ಟೆ. ಆ ರಾತ್ರಿ ಅವನು ಮಲಗಲೊಲ್ಲದೆ, ಮತ್ತೆಮತ್ತೆ ಎದ್ದು ತಾಯಿಯ ರೆಪ್ಪೆಯನ್ನು ಬಿಡಿಸಿ ನೋಡಿದನು. ಹಿಂದಿನ ವರ್ಷವಷ್ಟೇ ನನ್ನ ತಂದೆಯವರು ಕಾಲವಾದಾಗ, ಬಂದವರೆಲ್ಲರೂ “ಪುಣ್ಯವಂತರು, ನಿದ್ದೆಯಲ್ಲೇ ಹೋದರು” ಎಂದಾಡಿದ ಸಮಾಧಾನದ ನುಡಿಯನ್ನು ಆ ಎಳೆಯ ಕಿವಿ ಹಾಗೆಯೇ ಕಾಪಿಟ್ಟುಕೊಂಡಿತ್ತೆಂಬುದು ನನಗೆ ಹೊಳೆದುದು ಬೆಳಗಿನ ಜಾವಕ್ಕೆ.

ಮರುದಿನ ನಿದ್ದೆಯೆಂಬ ಮಾತನ್ನೇ ಬಿಟ್ಟು ಅರಿವಳಿಕೆಯೆಂಬ ಪದವನ್ನು ಅವನಿಗೆ ಕಲಿಸಿದೆ. ಎಷ್ಟು ಸತ್ಯವಾದ ಪದ! ಅದು ರಾತ್ರಿಯ ನಿದ್ದೆಯಲ್ಲ. ಮದ್ದಿನ ಪ್ರಭಾವವಿರುವಷ್ಟು ಹೊತ್ತು ಅಮ್ಮನಿಗೆ ನೋವೂ ಸೇರಿದಂತೆ ಏನೊಂದೂ ತಿಳಿಯದು, ಅದು ಇಳಿದಮೇಲೆ ಮೆಲ್ಲನೆ ಅರಿವು ಮರಳುತ್ತದೆ ಎಂದೆ. “ಎಬ್ಬಿಸೋದನ್ನ ಮರೆತರೆ?” ಎಂದನು. ಅದಕ್ಕೆಂದೇ ಬೇರೊಬ್ಬ ವೈದ್ಯರಿರುತ್ತಾರೆ, ಅಮ್ಮನ ತಲೆಯ ಬಳಿಯಲ್ಲಿದ್ದು ಉಸಿರನ್ನೂ ನಾಡಿಯನ್ನೂ ಮೊದಲಿಂದ ಕೊನೆಯವರೆಗೆ ನೋಡಿಕೊಳ್ಳುವುದೇ ಅವರ ಕೆಲಸವೆಂದಾಗ ಅವನು ನಿಟ್ಟುಸಿರಿಟ್ಟನು. 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬಾತನು ಈಥರಿನ ಪ್ರಭಾವವನ್ನು ಎಲ್ಲರೆದುರು ತೋರಿಸಿಕೊಟ್ಟುದನ್ನೂ, ಅದಕ್ಕೆ ಮುಂಚೆ ಎಚ್ಚರವಿರುವ ರೋಗಿಯನ್ನು ಬಲವಂತರು ಅದುಮಿ ಹಿಡಿಯಬೇಕಾಗುತ್ತಿದ್ದುದನ್ನೂ ಮಗಳಿಗೆ ಹೇಳಿದೆ. ಅವಳು ಅದನ್ನು ಬಹಳ ಹೊತ್ತು ಮನಸ್ಸಿನಲ್ಲಿ ಮೆಲುಕು ಹಾಕಿದಳು.

ಆನೆಯ ಸಂಗತಿಯೇ ಇಬ್ಬರಿಗೂ ಹೆಚ್ಚು ಧೈರ್ಯ ಕೊಟ್ಟಿತು. ಪಿತ್ತವನ್ನು ಉತ್ಪಾದಿಸುವುದು ಯಕೃತ್ತು; ಅದರಡಿಯಲ್ಲಿ ತೂಗುವ ಪಿತ್ತಕೋಶವಾದರೋ ಅದನ್ನು ಕೂಡಿಡುವ ತೊಟ್ಟಿ ಮಾತ್ರ; ತೊಟ್ಟಿಯನ್ನು ತೆಗೆದರೂ ಪಿತ್ತವು ನಾಳದಲ್ಲಿ ನೇರವಾಗಿ ಕರುಳಿಗೆ ಹರಿಯುತ್ತದೆ. ಬರ್ಲಿನ್ನಿನ ಲಾಂಗೆನ್‌ಬುಖ್ ಎಂಬ ವೈದ್ಯನು 1882ರಲ್ಲಿ ಇದನ್ನು ಮೊದಲು ಮಾಡಿತೋರಿಸಿದನು. ಕುದುರೆಗೂ ಆನೆಗೂ ಹುಟ್ಟಿನಿಂದಲೇ ಪಿತ್ತಕೋಶವಿಲ್ಲವೆಂದಾಗ, ಸಕ್ರೆಬೈಲಿನ ಬಿಡಾರದಲ್ಲಿ ತುಂಗೆಯ ನೀರಿನಲ್ಲಿ ಮೀಯುವ ಆನೆಗಳನ್ನು ಕಂಡಿದ್ದ ಮಗನು “ಅಷ್ಟು ದೊಡ್ಡದಕ್ಕೂ ಇಲ್ವಾ!” ಎಂದು ಕುಣಿದಾಡಿದನು. ಹೊಟ್ಟೆಯಲ್ಲಿ ನಾಲ್ಕು ಕಿರಿಯ ರಂಧ್ರಗಳು, ತಿಂದ ಇಡ್ಲಿ ಅವುಗಳಿಂದ ಹೊರಬಾರದು, ಹಿಂದಿನ ರಾತ್ರಿಯ ಉಪವಾಸವು ತಿಂದುದು ಮೇಲೆ ಬಂದು ಶ್ವಾಸನಾಳಕ್ಕೆ ಹೋಗದಿರಲೆಂದು ಎಂಬುದನ್ನೆಲ್ಲ ಕೇಳಿಕೊಂಡು, ಕಡೆಯಲ್ಲಿ “ನನ್ನನ್ನ ಎತ್ತಿಕೊಳ್ಳೋದು ಯಾವಾಗ?” ಎಂದನು. ಕೆಲವು ವಾರ ಎತ್ತುವಂತಿಲ್ಲ, ಪಕ್ಕದಲ್ಲಿ ಮಲಗಬಹುದು ಎಂದಳು ಅವನ ತಾಯಿ.

ಮಗಳು ಮಾತ್ರ ಏನನ್ನೋ ಬಚ್ಚಿಟ್ಟುಕೊಂಡಿದ್ದಳು. ಚಿಕಿತ್ಸೆಗೆ ಎರಡು ದಿನವಿರುವಾಗ, ಜಡೆ ಹಾಕಿಸಿಕೊಳ್ಳುತ್ತ, ತಲೆ ತಿರುಗಿಸದೆ ಕೇಳಿದಳು: “ಅಮ್ಮಾ, ಆ ಕಲ್ಲು ಅನ್ನದ್ದಾ?” ದಸರೆಯ ರಜೆಯಲ್ಲಿ ಅಕ್ಕಿ ಆರಿಸೆಂದು ಕೊಟ್ಟ ಮೊರವನ್ನು ಅರ್ಧಕ್ಕೇ ಬಿಟ್ಟು ಆಟಕ್ಕೆ ಓಡಿದ್ದಳಂತೆ, ಆ ಕಲ್ಲುಗಳೇ ತಾಯಿಯ ಹೊಟ್ಟೆ ಸೇರಿದವೆಂದು ಇಷ್ಟು ದಿನವೂ ಒಬ್ಬಳೇ ಬೆಂದಿದ್ದಳು. ಊರಿಗೆ ಹೋಗಿದ್ದಾಳೆಂದು ನಾವು ಹೇಳಿಬಿಟ್ಟಿದ್ದರೆ, ಈ ಅಪರಾಧವನ್ನು ಆ ಹುಡುಗಿ ಎಷ್ಟು ವರ್ಷ ಹೊರುತ್ತಿದ್ದಳೋ! ಪಾಕದಲ್ಲಿ ಸಕ್ಕರೆ ಮಿತಿಮೀರಿದಾಗ ಕಲ್ಲುಸಕ್ಕರೆ ಹರಳುಗಟ್ಟುವಂತೆ, ಪಿತ್ತದಲ್ಲಿ ಕೊಲೆಸ್ಟರಾಲ್ ಎಂಬ ಕೊಬ್ಬು ಹೆಚ್ಚಾಗಿ ಹರಳುಗಟ್ಟಿದರೆ ಇಂಥ ಕಲ್ಲಾಗುತ್ತದೆ, ಯಾರೂ ತಿನ್ನಿಸಿದ್ದಲ್ಲ ಎಂದು ಅವಳ ತಾಯಿ ಮೂರು ಸಲ ಹೇಳಿದಳು. ಅವಳು ತಲೆದೂಗಿದಳಾದರೂ ಪೂರ್ತಿ ನಂಬಿದಂತೆ ಕಾಣಲಿಲ್ಲ.

ಎಲ್ಲವೂ ಸುಸೂತ್ರವಾಗಿ ನಡೆದು, ಮೂರನೆಯ ದಿನ ಮನೆಗೆ ಬಂದೆವು. ವೈದ್ಯರು ಪುಟ್ಟ ಸೀಸೆಯೊಂದರಲ್ಲಿ ಹಾಕಿಕೊಟ್ಟಿದ್ದ ಕಲ್ಲುಗಳನ್ನು ಮಗಳ ಕೈಗಿತ್ತೆ. ಕಿಟಕಿಯ ಬೆಳಕಿಗೆ ಹಿಡಿದು, ಹಳದಿಗಂದು ಬಣ್ಣದ ಆ ಹರಳುಗಳನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. “ಅಕ್ಕಿಯೊಳಗಿನ ಕಲ್ಲು ಹೀಗಿರಲ್ಲ, ಅಲ್ವಾ ಅಪ್ಪಾ?” ಎಂದಳು. ಇರುವುದಿಲ್ಲವೆಂದೆ. ಸೀಸೆಯನ್ನು ಗೂಡಿನಲ್ಲಿಟ್ಟು ಆಟಕ್ಕೆ ಓಡಿದಳು.